ಸಹಿ ಹಾಕುವವರು ಬೇಕು

ಮೈಸೂರಿನ ಹಳೇ ಬಡಾವಣೆಯೊಂದರ ಶಾಖಾ ಗ್ರಂಥಾಲಯದಲ್ಲಿ ನಾನು ಕೆಲಸಕ್ಕಿದ್ದೇನೆ. ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ನಿವೃತ್ತರ ಗುಂಪು ಮೆಟ್ಟಿಲ ಮೇಲೆ ಕೂತಿರುತ್ತದೆ. ಪೇಪರ್ ಅವರ ಮನೆಗೂ ಬರುತ್ತದೆ, ಆದರೂ ಇಲ್ಲಿಗೇ ಬರುತ್ತಾರೆ. ಒಬ್ಬರು ಎರಡು ದಿನ ಕಾಣದಿದ್ದರೆ ಉಳಿದವರು ಮನೆಗೇ ಹೋಗಿ ವಿಚಾರಿಸುತ್ತಾರೆ. ಗ್ರಂಥಾಲಯಕ್ಕೆ ಜನರನ್ನು ಎಳೆದು ತರುವುದು ಪರಿಚಯ ಎಂದು ನನಗೆ ಮನದಟ್ಟಾದದ್ದು ಇವರಿಂದ.

ಪರಿಚಯವೇ ಇಲ್ಲದವರ ಪಾಡೇನು? ಹಿಂದಿನ ರಸ್ತೆಯ ವಠಾರಗಳ ಬಾಡಿಗೆದಾರರು ಇತ್ತ ತಲೆ ಹಾಕುತ್ತಿರಲಿಲ್ಲ. ಪುಸ್ತಕ ಮನೆಗೆ ಒಯ್ಯಲು ಠೇವಣಿ ಕಟ್ಟಬೇಕು, ಹೊಣೆ ಹೊರುವವರೊಬ್ಬರ ಸಹಿಯೂ ಬೇಕು. ಠೇವಣಿ ಹೇಗೋ ಹೊಂದಿಸುತ್ತಾರೆ, ಸಹಿಗೆ ಯಾರನ್ನು ಕೇಳುವುದು? ಮನೆ ಮಾಲೀಕರನ್ನು ಕೇಳಲು ಸಂಕೋಚ. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಮಾಲೀಕರು ಕಟ್ಟುವ ಆ ದುಡ್ಡು ಬಾಡಿಗೆಯಿಂದಲೂ ಬಂದದ್ದೇ ತಾನೇ?

ಹಾಗಾಗಿ ಸ್ತ್ರೀಶಕ್ತಿ ಸಂಘದ ಸಭೆಗೆ ಅರ್ಜಿ ಹಿಡಿದು ಹೋದೆ. ಸಾಲಕ್ಕೆ ಒಬ್ಬರಿಗೊಬ್ಬರು ನಿಲ್ಲುವ ಹೆಂಗಸರು ಅವರು. ಅಲ್ಲಿದ್ದ ಹೂ ಮಾರುವ ಅಕ್ಕ ಮರುದಿನವೇ ವಠಾರದ ಸೊಸೆಯೊಬ್ಬಳನ್ನು ಕರೆತಂದು, ಪೇಪರ್ ಓದುತ್ತಿದ್ದ ನಿವೃತ್ತ ಮೇಷ್ಟ್ರ ಮುಂದೆ ನಿಲ್ಲಿಸಿದರು.

“ಮೇಷ್ಟ್ರೇ, ಈ ಹುಡುಗಿ ನಂಗೊತ್ತು. ಒಂದು ಸಹಿ ಹಾಕಿ.”

“ಯಾವೂರಮ್ಮ ನಿಂದು?”

“ಕೆ.ಆರ್. ನಗರ ಸಾರ್.”

“ತಗೊಂಡೋದದ್ದು ತಂದುಕೊಡ್ತೀಯ ತಾನೇ?” ಎನ್ನುತ್ತಲೇ ಅವರು ಜೇಬಿನ ಪೆನ್ನು ತೆಗೆದಿದ್ದರು.

ಆಕೆ ಒಯ್ದದ್ದು ಅಡುಗೆ ಪುಸ್ತಕ ಒಂದು, ಕಾದಂಬರಿ ಒಂದು. ವಾಪಸು ಬಂದಾಗ ಪಕ್ಕದ ಮನೆಯವಳೂ ಜೊತೆಗಿದ್ದಳು. ಮೇಷ್ಟ್ರು ಈಗ ಅವರಿಗೆ ತಾವೇ ಪುಸ್ತಕ ಆರಿಸಿಡುತ್ತಾರೆ.

ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರು ತಮ್ಮದೇ ಪುಸ್ತಕ ತಂದು ಸಂಜೆವರೆಗೂ ಕೂರುತ್ತಾರೆ. ಅವರಿಗೂ ಜಾಗ ಬೇಕೇ ಬೇಕು. ಆದರೆ ಕುರ್ಚಿ ತುಂಬಿತೆಂದು ಬಡಾವಣೆ ಓದುತ್ತಿದೆ ಎನ್ನಲಾಗದು.

ಮೈಸೂರಿನದೇ ರಾಜೀವನಗರದಲ್ಲಿ ಕೂಲಿ ಕಾರ್ಮಿಕ ಸೈಯದ್ ಇಸಾಕ್ ಅವರು ಸ್ವಂತ ದುಡ್ಡಿನಿಂದ ನಡೆಸುತ್ತಿದ್ದ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಸುಟ್ಟುಹೋಯಿತು. ಸುಮಾರು 11,000 ಪುಸ್ತಕ ಬೂದಿಯಾಯಿತು. ಸುದ್ದಿ ತಿಳಿದು ಎಲ್ಲೆಲ್ಲಿಂದಲೋ ಜನ ಪುಸ್ತಕ, ಹಣ ಕೊಡಲು ಮುಂದಾದರು. ಆ ಮನುಷ್ಯನ ಮೇಲಿನ ನಂಬಿಕೆಯೇ ಅದಕ್ಕೆ ಕಾರಣವೆಂದು ನಾನು ಬಲ್ಲೆ.

ಹೊಸ ಅಪಾರ್ಟ್‌ಮೆಂಟಿನವರು ಮಾತ್ರ ಇನ್ನೂ ಬಂದಿಲ್ಲ. ಅಲ್ಲಿ ಮೊದಲು ಯಾರನ್ನು ಮಾತಾಡಿಸಲಿ ಎಂದು ಪೇಪರ್ ಹಾಕುವ ಹುಡುಗನನ್ನು ಕೇಳಿದ್ದೇನೆ.