ಪಾರದರ್ಶಕ ಫೈಬರ್‌ಗ್ಲಾಸಿನ ಬಿಳಿ ಗೆರೆಗಳು: ಮರದ ಬಿಲ್ಲು ಕಟ್ಟುವಾಗಿನ ನನ್ನ ಅನುಭವ

ಮರದ ಬಿಲ್ಲಿಗೆ ಕಪ್ಪು ಅಥವಾ ಕಂದು ಬಣ್ಣದ ಫೈಬರ್‌ಗ್ಲಾಸ್ ಅಂಟಿಸುವಾಗ ಅದರ ಅಡಿಯಲ್ಲಿ ಏನು ಕಾಣುತ್ತದೆ ಎಂಬ ಚಿಂತೆ ಇರುವುದಿಲ್ಲ. ಪಾರದರ್ಶಕ ಪಟ್ಟಿಯ ಮಾತು ಬೇರೆ. ಬಿಲ್ಲು ಮಾಡಿಸಿಕೊಳ್ಳುವವರು ಅದನ್ನು ಕೇಳುವುದೇ ಅಡಿಯಲ್ಲಿರುವ ವೆನೀರಿನ (ತೆಳುವಾದ ಮರದ ಹಾಳೆಯ) ಚೆಲುವಿಗಾಗಿ. ಹಾಗಾಗಿ ಆ ಚೆಲುವಿನ ಮೇಲೆ ಎದ್ದು ಕಾಣುವ ಕೂದಲೆಳೆಯಷ್ಟು ಬಿಳಿ ಗೆರೆಯೂ ಅವರ ಕಣ್ಣಿಗೆ ಮೊದಲು ಬೀಳುತ್ತದೆ. ಇಂಥ ಗೆರೆ, ಚುಕ್ಕೆ, ಮಸುಕುಗಳಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ಮರೆಗೆ ಸರಿಸಬೇಕು, ಯಾವುದಕ್ಕೆ ಪಟ್ಟಿಯನ್ನೇ ಕೈಬಿಡಬೇಕು ಎಂಬುದನ್ನು ನಾನು ಅಂಟು ಕಲಸುವ ಮೊದಲೇ ತೀರ್ಮಾನಿಸುತ್ತೇನೆ, ಏಕೆಂದರೆ ಅಂಟು ಗಟ್ಟಿಯಾದ ಮೇಲೆ ಮಾಡಬಹುದಾದದ್ದು ಬಹಳ ಕಡಿಮೆ.

ಬಿಲ್ಲಿಗೆ ಬಳಸುವ ಪಟ್ಟಿಯಲ್ಲಿ ಗಾಜಿನ ಎಳೆಗಳನ್ನು ಬಟ್ಟೆಯಂತೆ ನೇಯ್ದಿರುವುದಿಲ್ಲ. ಅವು ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಮಲಗಿ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟುರಾಳದಲ್ಲಿ ಬೆಸೆದುಕೊಂಡಿರುತ್ತವೆ. ಸಾಮಾನ್ಯವಾಗಿ ಪಟ್ಟಿಯ ದಪ್ಪ 0.8ರಿಂದ 1.3 ಮಿಲಿಮೀಟರ್. ಗಾಜು ಮತ್ತು ಎಪಾಕ್ಸಿ ಎರಡರ ವಕ್ರೀಭವನಾಂಕವೂ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) 1.55ರ ಆಸುಪಾಸಿನಲ್ಲಿರುವುದರಿಂದ ಬೆಳಕು ಒಂದರಿಂದ ಇನ್ನೊಂದಕ್ಕೆ ಹೆಚ್ಚು ಚದುರದೆ ಹಾಯುತ್ತದೆ, ಪಟ್ಟಿ ತಿಳಿಯಾಗಿ ಕಾಣುತ್ತದೆ. ಗಾಳಿಯ ವಕ್ರೀಭವನಾಂಕ ಸುಮಾರು 1. ಎಳೆಗಳ ನಡುವೆ ಎಪಾಕ್ಸಿ ಪೂರ್ತಿ ಇಳಿಯದೆ ಗಾಳಿ ಉಳಿದ ಕಡೆ ಬೆಳಕು ಚದುರಿ ಬಿಳಿ ಗೆರೆಯಾಗುತ್ತದೆ. ಎಳೆಯ ಉದ್ದಕ್ಕೇ ಸಾಗುವ ಅಂಥ ಸಣ್ಣ ಗೆರೆಯಿಂದ ಬಿಲ್ಲಿನ ಬಲ ಕುಂದಿದ್ದನ್ನು ನಾನು ಕಂಡಿಲ್ಲ. ಅದು ಕಣ್ಣಿಗೆ ಸಂಬಂಧಿಸಿದ ದೋಷ. ಎಳೆಗಳಿಗೆ ಅಡ್ಡವಾಗಿ ಹಾಯುವ ಗೆರೆ ಮಾತ್ರ ಹಾಗಲ್ಲ. ಎಳೆಗಳು ತುಂಡಾಗಿರುವ ಅಥವಾ ಮಡಚಿ ನೊಂದಿರುವ ಗುರುತು ಅದಾಗಿರಬಹುದಾದ್ದರಿಂದ, ಎಷ್ಟೇ ಚಿಕ್ಕದಿದ್ದರೂ ಆ ಭಾಗವನ್ನು ನಾನು ಬಿಲ್ಲಿನ ತೋಳಿಗೆ (ಹಿಡಿಯ ಆಚೀಚೆ ಬಾಗುವ ಭಾಗಕ್ಕೆ) ಬಳಸುವುದಿಲ್ಲ.

ಪಟ್ಟಿಯನ್ನು ಪರೀಕ್ಷಿಸುವಾಗ ಒಂದು ತೊಡಕಿದೆ. ಅಂಟು ಹಿಡಿಯಲೆಂದು ಅದರ ಒಂದು ಮುಖವನ್ನು ಒರಟಾಗಿ ಉಜ್ಜಿರುತ್ತಾರೆ. ಒಣಗಿದ್ದಾಗ ಆ ಮುಖ ಮಂಜು ಕವಿದ ಕಿಟಕಿಯಂತೆ ಮಸುಕಾಗಿದ್ದು ಒಳಗಿನ ದೋಷಗಳನ್ನೆಲ್ಲ ಮರೆಮಾಡುತ್ತದೆ. ಆದ್ದರಿಂದ ಪಟ್ಟಿಯನ್ನು ಕಪ್ಪು ಹಲಗೆಯ ಮೇಲಿಟ್ಟು, ಒರಟು ಮುಖಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ, ಅದು ಆರುವ ಮುನ್ನ ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸುತ್ತೇನೆ. ದ್ರವವು ಗೀರುಗಳನ್ನು ತುಂಬಿರುವಷ್ಟು ಹೊತ್ತು ಪಟ್ಟಿಯು ಅಂಟಿಸಿದ ಮೇಲೆ ಹೇಗಿರುತ್ತದೆಯೋ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಕಂಡ ದೋಷಗಳನ್ನೆಲ್ಲ ನುಣುಪು ಮುಖದ ಮೇಲೆ ಮೇಣದ ಪೆನ್ಸಿಲಿನಿಂದ ಸುತ್ತುಹಾಕಿ ಗುರುತಿಸುತ್ತೇನೆ.

ಆಮೇಲಿನದು ಜಾಗದ ಲೆಕ್ಕ, ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೂ ಅದೇ. ಅಂಟಿಸುವಾಗ 40 ಮಿಲಿಮೀಟರ್ ಆಸುಪಾಸು ಅಗಲವಿರುವ ತೋಳು ತುದಿಯ ಕೊಪ್ಪಿನ (ಹೆದೆ ಸಿಕ್ಕಿಸುವ ಕಚ್ಚಿನ) ಬಳಿಗೆ ಬರುವಷ್ಟರಲ್ಲಿ 12 ಮಿಲಿಮೀಟರಿಗೆ ಸಣ್ಣದಾಗುತ್ತದೆ. ಉಳಿದದ್ದೆಲ್ಲ ಅರೆದುಹೋಗುವ ಭಾಗ. ಪಟ್ಟಿಯನ್ನು ತಿರುಗಿಸಿ, ತುದಿ ಬದಲಿಸಿ, ಎಡಕ್ಕೋ ಬಲಕ್ಕೋ ತುಸು ಸರಿಸಿದರೆ ಅಂಚಿನ ಬಳಿಯ ಎಷ್ಟೋ ಗೆರೆಗಳು ಈ ಭಾಗದಲ್ಲೇ ಕಳೆದುಹೋಗುತ್ತವೆ. ಕೊಪ್ಪಿನ ಮೇಲೆ ಅಂಟಿಸುವ ಮರದ ಚಕ್ಕೆಯ ಅಡಿಯೂ ಒಂದಷ್ಟನ್ನು ಅಡಗಿಸಬಹುದು. ಅಷ್ಟರ ಮೇಲೂ ಉಳಿದ ಗೆರೆಗೆ ವೆನೀರಿನ ಆಯ್ಕೆಯೇ ಉತ್ತರ: ಬೀಟೆ, ವಾಲ್‌ನಟ್‌ನಂಥ ಕಡುಬಣ್ಣದ ಮರದ ಮೇಲೆ ಎದ್ದು ಕಾಣುವ ಬಿಳಿ ಗೆರೆ ಮೇಪಲ್ ಅಥವಾ ಬಿದಿರಿನ ಮೇಲೆ ಬಹುಪಾಲು ಕರಗಿಹೋಗುತ್ತದೆ. ತಿಳಿ ಮರದ ಮೇಲೆ ಪಟ್ಟಿಯ ಸ್ವಂತ ಹಸಿರು ಅಥವಾ ಹಳದಿ ಛಾಯೆ ಎದ್ದು ಕಾಣಬಹುದಾದ್ದರಿಂದ ಅಲ್ಲಿ ಎರಡೂ ತೋಳುಗಳಿಗೆ ಒಂದೇ ಛಾಯೆಯ ಪಟ್ಟಿಗಳನ್ನು ಆರಿಸುತ್ತೇನೆ.

ಗಾಜಿನದೆಂದು ದೂರಲಾಗುವ ಅನೇಕ ಕಲೆಗಳು ವಾಸ್ತವದಲ್ಲಿ ಗಾಜಿನವಲ್ಲ. ವೆನೀರಿನ ಮೇಲೆ ಉಳಿದ ಪೆನ್ಸಿಲ್ ಗೆರೆ, ಮರದ ಎಳೆಗೆ ಅಡ್ಡಲಾಗಿ ಉಜ್ಜಿದ ಗೀರು, ಉಪ್ಪುಕಾಗದದಿಂದ ಉದುರಿದ ಕಾಳು, ಎಲ್ಲವೂ ಎಪಾಕ್ಸಿ ತಗಲಿದ ಕೂಡಲೇ ಮೊದಲಿಗಿಂತ ಸ್ಪಷ್ಟವಾಗುತ್ತವೆ. ಅಂಟಿನ ಪದರದ ಗುಳ್ಳೆಗಳು ಬೇರೆಯೇ ಬಗೆಯವು. ಅವುಗಳನ್ನು ತಡೆಯಲು ನಾನು ಎಪಾಕ್ಸಿಯನ್ನು ತುಸು ಬೆಚ್ಚಗೆ ಮಾಡಿ ತೆಳುವಾಗಿಸಿ, ವೆನೀರು ಮತ್ತು ಗಾಜು ಎರಡಕ್ಕೂ ಹಚ್ಚಿ, ನಡುವಿನಿಂದ ತುದಿಯ ಕಡೆಗೆ ಕ್ರಮವಾಗಿ ಒತ್ತಡ ಕೊಡುತ್ತೇನೆ. ಒತ್ತಡ ಸಮನಾಗಿರಬೇಕೇ ಹೊರತು ವಿಪರೀತವಾಗಿರಬಾರದು. ಅಂಟೆಲ್ಲ ಹೊರಗೆ ಹಿಂಡಿಹೋದ ಜಾಗವೂ ಕೊನೆಗೆ ಬಿಳಿಯಾಗಿಯೇ ಕಾಣುತ್ತದೆ, ಮತ್ತು ಅದು ಬರಿಯ ಅಂದದ ಕೊರತೆಯಲ್ಲ, ಬೆಸುಗೆಯ ಕೊರತೆ. ಬೀಟೆಯಂಥ ಎಣ್ಣೆಯಂಶದ ಮರವನ್ನು ಅಂಟಿಸುವ ಸ್ವಲ್ಪ ಮೊದಲು ಅಸಿಟೋನಿನಿಂದ ಒರೆಸುತ್ತೇನೆ.

ಸಿದ್ಧ ತೋಳಿನಲ್ಲಿ ಕಲೆ ಯಾವ ಪದರದಲ್ಲಿದೆ ಎಂದು ತಿಳಿಯಲು ಕಣ್ಣನ್ನು ಅತ್ತಿತ್ತ ಸರಿಸಿ ನೋಡಿದರೆ ಸಾಕು. ವೆನೀರಿನ ನಮೂನೆಯ ಜೊತೆಗೇ ನಿಂತಿರುವುದು ಅಡಿಯದು ಅಥವಾ ಅಂಟಿನದು. ಅದರ ಮೇಲೆ ಜಾರಿದಂತೆ ಕಾಣುವುದು ಗಾಜಿನೊಳಗಿನದು. ಅಂಚಿಗೆ ತೆರೆದುಕೊಂಡ ಚಿಕ್ಕ ಗುಳ್ಳೆಯಾದರೆ ತೆಳುವಾದ ಸೈನೊಅಕ್ರಿಲೇಟ್ ಅಂಟಿನ (ಸೂಪರ್ ಗ್ಲೂ) ಹನಿ ತಾನಾಗಿ ಒಳಗೆ ಹೀರಿಕೊಂಡು ಬಿಳುಪು ಬಹುಮಟ್ಟಿಗೆ ಮಾಯವಾಗುತ್ತದೆ. ಗಾಜಿನೊಳಗಿನ ಗೆರೆಯನ್ನು ಮೇಲಿನಿಂದ ಉಜ್ಜಿ ತೆಗೆಯಲು ನಾನು ಹೋಗುವುದಿಲ್ಲ. ಬಾಗಿದಾಗ ಹೆಚ್ಚಿನ ಭಾರ ಹೊರುವುದು ಅತ್ಯಂತ ಹೊರಗಿನ ಪದರವೇ, ಉಜ್ಜಿ ತೆಳುವಾಗಿಸಿದರೆ ತೋಳಿನ ಬಿಗುವು ದಪ್ಪದ ಘನಕ್ಕೆ (ಮೂರನೇ ಘಾತಕ್ಕೆ) ಅನುಗುಣವಾಗಿ ಇಳಿಯುತ್ತದೆ. ಮೇಲಾಗಿ ಎಳೆಗಳು ಬಯಲಾದರೆ ಒಂದು ಗೆರೆಯ ಜಾಗದಲ್ಲಿ ಅಗಲವಾದ ಮಸುಕು ಕೂರುತ್ತದೆ. ವಾರ್ನಿಷ್ ಹಿಡಿಯಲು ಬೇಕಾದಷ್ಟು ಮಾತ್ರ 320ರ ಉಪ್ಪುಕಾಗದದಿಂದ ನೀರು ಹಾಕಿ ಉಜ್ಜುತ್ತೇನೆ. ಒಣಗಿದ ಗಾಜಿನ ಪುಡಿ ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದಾದ್ದರಿಂದ ಅರೆಯುವ ಹಂತದಲ್ಲಿ ಮುಖಗವಸು ಕಡ್ಡಾಯ.

ಉಳಿದುಕೊಂಡ ಗೆರೆಗಳ ಚಿತ್ರವನ್ನು ಬಿಲ್ಲಿನ ಜೊತೆಗೆ ಕೊಡುತ್ತೇನೆ. ಹೆದೆ ಏರಿಸಿ ಬಳಸತೊಡಗಿದ ಮೇಲೆ ಆ ಚಿತ್ರದಲ್ಲಿಲ್ಲದ ಹೊಸ ಬಿಳಿ ಗುರುತು, ಅದರಲ್ಲೂ ತೋಳಿಗೆ ಅಡ್ಡವಾಗಿ, ಕಾಣಿಸಿಕೊಂಡರೆ ಬಿಲ್ಲನ್ನು ಮತ್ತೆ ಎಳೆಯದೆ ಹೆದೆ ಇಳಿಸಿ ನನಗೆ ಕಳಿಸಬೇಕೆಂದು ಅದರ ಕೆಳಗೆ ಬರೆದಿರುತ್ತೇನೆ.