‘ಜೆಮ್’ ಶೈಲಿಯ ಒಂದು ಕಾರು ಓಡಿಸಿದೆ

ಅಮೆರಿಕದ ಟಿವಿಯಲ್ಲಿ 1985ರಿಂದ 1988ರವರೆಗೆ ‘ಜೆಮ್’ ಅನ್ನೋ ಕಾರ್ಟೂನ್ ಬಂತು. ಒಟ್ಟು 65 ಕಂತು. ಹುಡುಗಿಯರ ಎರಡು ಬ್ಯಾಂಡ್‌ಗಳ ಪೈಪೋಟಿ, ನಡುನಡುವೆ ಹಾಡು. ನಾನು ಟೂಡಿ, ಅಂದರೆ ಚಪ್ಪಟೆ ಚಿತ್ರಗಳ ಅನಿಮೇಷನ್ ಮಾಡುವವನು. ನನಗೆ ಆ ಹಾಡುಗಳಿಗಿಂತ ಅದರಲ್ಲಿನ ಗಾಡಿಗಳ ಹುಚ್ಚು ಜಾಸ್ತಿ. ಅಂಥದ್ದೇ ಒಂದು ಕಾರು ಬರೆದು, ಪುಟ್ಟ ಶಾಟ್‌ನಲ್ಲಿ ಓಡಿಸಿದೆ. ಮಾಡಿದ್ದು ಹೇಗೆ ಅಂತ ಹೇಳುತ್ತೇನೆ.

ಮೊದಲು ಯಾವ ಗಾಡಿ ಅಂತ ನೋಡಬೇಕು. ಕಥೆಯ ನಾಯಕಿ ಜೆಮ್ ಹತ್ತಿರ ಇರುವುದು ರಾಕಿನ್ ರೋಡ್‌ಸ್ಟರ್, ಮೇಲೆ ಟಾಪ್ ಇಲ್ಲದ ಕಾರು. ಎದುರಾಳಿ ಮಿಸ್‌ಫಿಟ್ಸ್ ಹುಡುಗಿಯರದ್ದು ಗಿಟಾರ್ ಆಕಾರದ ಬೈಕು. ಬೈಕು ನೋಡೋಕೆ ಮಜಾ, ಬರೆಯೋಕೆ ತಲೆನೋವು. ಸವಾರಳ ಇಡೀ ಮೈ ಕಾಣುತ್ತದೆ, ಎಲ್ಲವನ್ನೂ ಬರೆಯಲೇಬೇಕು. ರೋಡ್‌ಸ್ಟರ್‌ನಲ್ಲಿ ಎದೆಯಿಂದ ಕೆಳಗೆಲ್ಲ ಬಾಗಿಲ ಹಿಂದೆ ಹೋಗುತ್ತದೆ. ಟಾಪ್ ಇಲ್ಲ ಅಂದರೆ ಕಂಬಿಗಳು ಮುಖಕ್ಕೆ ಅಡ್ಡ ಬರುವುದಿಲ್ಲ, ಕಿಟಕಿ ಗಾಜಿನ ಹೊಳಪು ಬರೆಯುವ ಕೆಲಸವೂ ಇಲ್ಲ. ಬಣ್ಣದ ಕೂದಲು ಗಾಳಿಗೆ ಹಾರಿದರೆ ಅಲ್ಲಿಗೆ ಅರ್ಧ ಶಾಟ್ ಮುಗಿದ ಹಾಗೆ!

ಅಂದಹಾಗೆ ಈ ಕಾರು ಹ್ಯಾಸ್‌ಬ್ರೋ ಕಂಪನಿ ಮಾರುತ್ತಿದ್ದ ಆಟಿಕೆಯೂ ಹೌದು. ಹನ್ನೆರಡೂವರೆ ಇಂಚಿನ ಗೊಂಬೆ ಕೂರುವಷ್ಟು ದೊಡ್ಡದು, ಒಳಗೆ ನಿಜವಾದ ಎಫ್‌ಎಂ ರೇಡಿಯೊ. ಧಾರಾವಾಹಿ ಬಂದಿದ್ದೇ ಗೊಂಬೆ ಮಾರಾಟದ ಜೊತೆಜೊತೆಗೆ. ಅಂಗಡಿಯಲ್ಲಿ ಮಗು ಕೈ ತೋರಿಸಿ ಗುರುತು ಹಿಡಿಯಬೇಕು, ಅಲ್ವಾ? ಅದಕ್ಕೇ ನಾನೂ ಗೆರೆ, ಬಣ್ಣಗಳ ಶ್ರಮವನ್ನೆಲ್ಲ ಮುಖ್ಯ ಕಾರಿಗೇ ಮೀಸಲಿಟ್ಟೆ. ರಸ್ತೆಯ ಉಳಿದ ಕಾರುಗಳು ಬರೀ ಡಬ್ಬ.

ಜಾಸ್ತಿ ಹೊತ್ತು ತಿಂದಿದ್ದು ಚಕ್ರ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹದಿನಾರೂವರೆ ಮೀಟರಿಗೂ ಮಿಕ್ಕಿ. ಚಕ್ರದ ಸುತ್ತಳತೆ ಸುಮಾರು ಎರಡು ಮೀಟರ್ ಅಂತಿಟ್ಟುಕೊಂಡರೆ ಸೆಕೆಂಡಿಗೆ ಎಂಟು ಸುತ್ತು. ಹಳೆ ಟಿವಿ ಕಾರ್ಟೂನ್ ಲೆಕ್ಕದಲ್ಲಿ ಒಂದು ಚಿತ್ರ ಎರಡು ಫ್ರೇಮ್ ನಿಲ್ಲುತ್ತದೆ, ಸೆಕೆಂಡಿಗೆ 12 ಚಿತ್ರ. ಅಂದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಚಕ್ರ 240 ಡಿಗ್ರಿ ತಿರುಗಬೇಕು. ಹಾಗೆ ಬರೆದರೆ ಕಣ್ಣಿಗೆ ತಿರುಗಿದಂತೆ ಕಾಣುವುದೇ ಇಲ್ಲ, ಸುಮ್ನೆ ಮಿಣುಕುತ್ತದೆ. ನಾನು ಐದು ಸ್ಪೋಕ್ ಇಟ್ಟೆ. ಸ್ಪೋಕ್‌ಗಳ ನಡುವೆ 72 ಡಿಗ್ರಿ. ಒಂದೊಂದು ಚಿತ್ರಕ್ಕೆ 24 ಡಿಗ್ರಿ ತಿರುಗಿಸಿದರೆ ಮೂರೇ ಚಿತ್ರದಲ್ಲಿ ಚಕ್ರ ಮೊದಲಿನಂತೆ ಕಾಣುತ್ತದೆ. ಆ ಮೂರನ್ನೇ ಮತ್ತೆ ಮತ್ತೆ ಓಡಿಸಬಹುದು. ತಲಾ 36 ಡಿಗ್ರಿ ಮಾತ್ರ ಬೇಡ, ಮುಂದೆ ಹೋಗುತ್ತಿದೆಯೋ ಹಿಂದೋ ಗೊತ್ತಾಗುವುದಿಲ್ಲ. ಈ ಲೆಕ್ಕದಲ್ಲಿ ನನ್ನ ಕಾರಿನ ನಿಜವಾದ ವೇಗ ಗಂಟೆಗೆ ಸುಮಾರು ಆರು ಕಿಲೋಮೀಟರ್, ಚುರುಕಾಗಿ ನಡೆಯುವವರೂ ಹಿಂದೆ ಹಾಕಬಹುದು. ಆದರೆ ಕಾರಿನ ಹಿಂದೆ ಕಾಣುವ ದೃಶ್ಯವನ್ನು ಬೇಗ ಸರಿಸಿದರೆ ಯಾರಿಗೂ ತಿಳಿಯುವುದಿಲ್ಲ.

ಆ ಹಿನ್ನೆಲೆ ಒಂದು ಉದ್ದ ಪಟ್ಟಿ. ಕೊನೆಯ ತುದಿ ಮೊದಲ ತುದಿಗೆ ಸರಿಯಾಗಿ ಕೂಡಬೇಕು. ಕಣ್ಣಿಗೆ ಹೊಡೆಯುವ ಮರವನ್ನೋ ಬೋರ್ಡನ್ನೋ ಅದರಲ್ಲಿ ಹಾಕಬಾರದು. ಎರಡನೇ ಸಲ ಬಂದಾಗಲೇ ಗುಟ್ಟು ಬಯಲು. ಆ ಕಾಲದಲ್ಲಿ ಹಿನ್ನೆಲೆಗೆ ಕುಂಚದ ಮೃದು ಬಣ್ಣ, ಚಲಿಸುವುದಕ್ಕೆ ಸೆಲ್ ಅನ್ನೋ ಪಾರದರ್ಶಕ ಹಾಳೆಯ ಮೇಲೆ ಗೆರೆ ಎಳೆದು ತುಂಬಿದ ಸಪಾಟು ಬಣ್ಣ. ಸಾಲಾಗಿ ನಿಂತ ಕಾರುಗಳಲ್ಲಿ ಒಂದು ಮಾತ್ರ ಸಪಾಟಾಗಿ ಕಂಡರೆ ಅದೇ ಹೊರಡುವುದು ಅಂತ ಮೊದಲೇ ಹೇಳಬಹುದು. ಈಗ ಕಂಪ್ಯೂಟರಿನಲ್ಲಿ ಈ ವ್ಯತ್ಯಾಸ ಬೇಕಿಲ್ಲ, ಆದರೂ ಬೇಕಂತಲೇ ಉಳಿಸಿಕೊಂಡೆ. ಅದಿಲ್ಲದಿದ್ದರೆ ಹಳೆಯದು ಅನ್ನಿಸುವುದೇ ಇಲ್ಲ.

ಕೆಲಸ ಮಾಡಿದ್ದು ಓಪನ್‌ಟೂನ್ಜ್ ಅನ್ನೋ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ. 2016ರಿಂದ ಪುಕ್ಕಟೆ ಸಿಗುತ್ತದೆ. ಕಾರಿನ ಮೈ ಒಂದು ಪದರ, ಚಕ್ರ ಬೇರೆ, ತಲೆ, ಕೂದಲು, ಬಾಯಿ ಬೇರೆ ಬೇರೆ. ಮೈಯನ್ನು ಆಗಾಗ ಒಂದೆರಡು ಪಿಕ್ಸೆಲ್ ಮೇಲೆ ಕೆಳಗೆ ಮಾಡಿದೆ, ಚಕ್ರವನ್ನು ಅಲುಗಿಸಲಿಲ್ಲ. ಅದಕ್ಕಿಂತ ಜಾಸ್ತಿ ಕುಣಿಸಿದರೆ ನಮ್ಮೂರ ರಸ್ತೆ ಆಗಿಬಿಡುತ್ತದೆ. ತಿರುವು ಬರೆಯುವ ಗೋಜಿಗೇ ಹೋಗಲಿಲ್ಲ: ಪಕ್ಕದ ನೋಟದಲ್ಲಿ ಕಾರು ಹೊರಗೆ ಹೋಗಲಿ, ಮುಂದಿನ ಶಾಟ್‌ನಲ್ಲಿ ಎದುರಿನಿಂದ ಬರಲಿ. ಕೊನೆಗೆ ಚಕ್ರದ ಕೆಳಗೊಂದು ಕಪ್ಪು ನೆರಳು, ಮೈ ಅಲುಗಿದರೂ ಅದು ಅಲುಗದಂತೆ. ನೆರಳು ತೆಗೆದು ನೋಡಿ, ಕಾರು ರಸ್ತೆ ಬಿಟ್ಟು ಒಂದು ಗೇಣು ಮೇಲೆ ತೇಲುತ್ತದೆ.