ತೆರೆದ ಕೂಡಲೇ ಮುಚ್ಚಿಕೊಳ್ಳುವ ಎಂಜಿನಿಯರಿಂಗ್ ಸಾಫ್ಟ್‌ವೇರ್: ಅಳಿಸಿ ಹಾಕುವ ಮೊದಲು ಇಷ್ಟು ನೋಡಿ

ಗಂಟೆಗಟ್ಟಲೆ ಡೌನ್‌ಲೋಡ್, ಅದರ ಮೇಲೆ ಇನ್‌ಸ್ಟಾಲ್. ಕೊನೆಗೂ ಐಕಾನ್ ಒತ್ತುತ್ತೀರಿ. ಲೋಗೊ ಇರುವ ಚಿತ್ರ ಬರುತ್ತದೆ, ಅದರ ಕೆಳಗೆ ಏನೇನೋ ಲೋಡ್ ಆಗುತ್ತಿರುವ ಸಾಲುಗಳು ಓಡುತ್ತವೆ, ಆಮೇಲೆ ಎಲ್ಲವೂ ಮಾಯ. ಬೆಳಿಗ್ಗೆ ಡ್ರಾಯಿಂಗ್ ಸಲ್ಲಿಸಬೇಕಾದ ವಿದ್ಯಾರ್ಥಿಗೆ ಆಗ ತೋಚುವುದು ಒಂದೇ ದಾರಿ: ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವುದು.

ಸದ್ಯಕ್ಕೆ ಅದನ್ನು ಬಿಡಿ. ಅನ್‌ಇನ್‌ಸ್ಟಾಲ್ ಮಾಡಿದಾಗ ಹೋಗುವುದು ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಕಡತಗಳು. ಸಿ ಡ್ರೈವ್‌ನ ‘ಯೂಸರ್ಸ್’ನಲ್ಲಿರುವ ನಿಮ್ಮ ಹೆಸರಿನ ಫೋಲ್ಡರ್‌ನೊಳಗಿನ ಸೆಟ್ಟಿಂಗ್ಸ್ ಸಾಮಾನ್ಯವಾಗಿ ಹಾಗೇ ಉಳಿದಿರುತ್ತವೆ. ಪರದೆಯ ಮೇಲೆ ಚಿತ್ರ ಮೂಡಿಸುವ ಚಿಪ್ಪನ್ನು ನಡೆಸುವ ಗ್ರಾಫಿಕ್ಸ್ ಡ್ರೈವರ್ ಅಂತೂ ಅಲುಗಾಡುವುದೇ ಇಲ್ಲ. ತೊಂದರೆ ಇವೆರಡರಲ್ಲಿ ಒಂದರಲ್ಲಿದ್ದರೆ ಹತ್ತು ಸಲ ಇನ್‌ಸ್ಟಾಲ್ ಮಾಡಿದರೂ ಹತ್ತು ಸಲವೂ ಅಲ್ಲೇ ಬೀಳುತ್ತದೆ.

ಹಂತ 1: ವಿಂಡೋಸ್ ಬರೆದಿಟ್ಟದ್ದನ್ನು ಓದಿ

ಸ್ಟಾರ್ಟ್ ಮೆನುವಿನಲ್ಲಿ ‘ಈವೆಂಟ್ ವ್ಯೂವರ್’ ಹುಡುಕಿ ತೆರೆಯಿರಿ. ಎಡಗಡೆ ‘ವಿಂಡೋಸ್ ಲಾಗ್ಸ್’, ಅದರೊಳಗೆ ‘ಅಪ್ಲಿಕೇಶನ್’. ಸಾಫ್ಟ್‌ವೇರ್ ಮುಚ್ಚಿಹೋದ ಹೊತ್ತಿಗೆ ಸರಿಯಾಗಿ ಕೆಂಪು ಗುರುತಿನ ‘ಅಪ್ಲಿಕೇಶನ್ ಎರರ್’ ಇದೆಯೇ ನೋಡಿ. ಅದರ ಈವೆಂಟ್ ಐಡಿ 1000. ಅದರಲ್ಲಿ ‘ಫಾಲ್ಟಿಂಗ್ ಮಾಡ್ಯೂಲ್’ ಎಂಬ ಕಡೆ ಇರುವ ಕಡತದ ಹೆಸರು ನಮಗೆ ಬೇಕು. ಹೆಸರು ‘ಎನ್‌ವಿ’ ಎಂದು ಶುರುವಾಗಿದ್ದರೆ ಎನ್‌ವಿಡಿಯಾ, ‘ಎಟಿಐ’ ಎಂದಿದ್ದರೆ ಎಎಂಡಿ, ‘ಐಜಿ’ ಎಂದಿದ್ದರೆ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಮೇಲೆ ಮೊದಲ ಅನುಮಾನ. ‘ಎನ್‌ಟಿಡಿಎಲ್‌ಎಲ್’ ಅಥವಾ ‘ಕರ್ನಲ್‌ಬೇಸ್’ ಎಂದಿದ್ದರೆ ವಿಂಡೋಸೇ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಅದು ಬಿದ್ದ ಜಾಗ ಅಷ್ಟೆ, ಎಡವಿದ ಕಲ್ಲು ಹಿಂದೆಲ್ಲೋ ಇರುತ್ತದೆ. ಆ ಸಾಲುಗಳನ್ನು ಪೂರ್ತಿ ನಕಲಿಸಿ ಒಂದು ನೋಟ್‌ಪ್ಯಾಡ್ ಕಡತದಲ್ಲಿ ಉಳಿಸಿಕೊಳ್ಳಿ.

ಹಂತ 2: ಹೊಸ ಬಳಕೆದಾರ ಖಾತೆಯಲ್ಲಿ ತೆರೆದು ನೋಡಿ

ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಇದರಷ್ಟು ಉಪಯೋಗದ ಪರೀಕ್ಷೆ ಇನ್ನೊಂದಿಲ್ಲ. ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ ಭಾಗದಲ್ಲಿ ಮೈಕ್ರೋಸಾಫ್ಟ್ ಖಾತೆಯಿಲ್ಲದ ಹೊಸ ಬಳಕೆದಾರರನ್ನು ಸೇರಿಸಿ. ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ, ಚಿಕ್ಕದಾಗಿ, ನಡುವೆ ಜಾಗ ಬಿಡದೆ ಇರಲಿ. ಆ ಖಾತೆಗೆ ಲಾಗಿನ್ ಆಗಿ ಸಾಫ್ಟ್‌ವೇರ್ ತೆರೆಯಿರಿ. ಇನ್‌ಸ್ಟಾಲ್ ಮಾಡುವಾಗ ‘ಈ ಬಳಕೆದಾರರಿಗೆ ಮಾತ್ರ’ ಎಂದು ಆರಿಸಿದ್ದರೆ ಹೊಸ ಖಾತೆಯಲ್ಲಿ ಅದು ಕಾಣಿಸುವುದೇ ಇಲ್ಲ, ನೆನಪಿರಲಿ.

ಅಲ್ಲಿ ಸರಿಯಾಗಿ ತೆರೆದುಕೊಂಡರೆ ತೊಂದರೆ ನಿಮ್ಮ ಹಳೆಯ ಖಾತೆಯ ಫೋಲ್ಡರ್‌ನಲ್ಲಿದೆ, 3ನೇ ಹಂತಕ್ಕೆ ಹೋಗಿ. ಅಲ್ಲೂ ಮುಚ್ಚಿಕೊಂಡರೆ ತೊಂದರೆ ಇಡೀ ಕಂಪ್ಯೂಟರ್‌ನದ್ದು, ನೇರವಾಗಿ 4ಕ್ಕೆ ಹೋಗಬಹುದು.

ಹಂತ 3: ಸೆಟ್ಟಿಂಗ್ಸ್, ಮತ್ತು ನಿಮ್ಮ ಹೆಸರು

ಹಳೆಯ ಆವೃತ್ತಿಯ ಸೆಟ್ಟಿಂಗ್ಸ್ ಅಥವಾ ಕೆಟ್ಟ ಆಡ್‌ಆನ್ ಹೊಸ ಆವೃತ್ತಿಯನ್ನು ಬೀಳಿಸುವುದು ಸಾಮಾನ್ಯ. ಡ್ರಾಯಿಂಗ್ ಸಾಫ್ಟ್‌ವೇರ್ ಆಟೋಕ್ಯಾಡ್ ಆದರೆ ಸ್ಟಾರ್ಟ್ ಮೆನುವಿನಲ್ಲೇ ‘ರೀಸೆಟ್ ಸೆಟ್ಟಿಂಗ್ಸ್ ಟು ಡಿಫಾಲ್ಟ್’ ಎಂಬ ಆಯ್ಕೆಯಿದೆ, ಅಳಿಸುವ ಮೊದಲು ಬ್ಯಾಕಪ್ ಬೇಕೇ ಎಂದೂ ಕೇಳುತ್ತದೆ. ಅದರಂಥದ್ದೇ ಆದ ಫ್ರೀಕ್ಯಾಡ್‌ನಲ್ಲಾದರೆ ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ಅಡಗಿರುವ ‘ಆಪ್‌ಡೇಟಾ’, ಅದರೊಳಗೆ ‘ರೋಮಿಂಗ್’, ಅಲ್ಲಿ ‘ಫ್ರೀಕ್ಯಾಡ್’ ಎಂಬ ಫೋಲ್ಡರ್. ಅಳಿಸಬೇಡಿ, ಹೆಸರು ಬದಲಿಸಿ, ‘ಫ್ರೀಕ್ಯಾಡ್ ಹಳೆಯದು’ ಎಂದು. ಮತ್ತೆ ತೆರೆದಾಗ ಹೊಸ ಫೋಲ್ಡರ್ ತಾನಾಗಿ ಹುಟ್ಟುತ್ತದೆ.

ಇನ್ನೊಂದು ಕಾರಣ ಕನ್ನಡದವರಿಗೇ ಹೆಚ್ಚು ತಟ್ಟುವಂಥದ್ದು. ನನ್ನ ಅಕ್ಕನ ಮಗಳು ಲ್ಯಾಪ್‌ಟಾಪ್ ಕೊಂಡ ದಿನ ಪ್ರೀತಿಯಿಂದ ತನ್ನ ಹೆಸರನ್ನು ಕನ್ನಡದಲ್ಲೇ ಬರೆದು ಖಾತೆ ತೆರೆದಿದ್ದಳು. ಕಾಲೇಜಿನಲ್ಲಿ ಹೇಳಿದ ವಿಶ್ಲೇಷಣಾ ಸಾಫ್ಟ್‌ವೇರ್ ಎರಡು ಸಂಜೆ ಅವಳು ಅಳುವಂತೆ ಮಾಡಿತು. ಕಾರಣ ಇದು: ಬಹಳಷ್ಟು ಎಂಜಿನಿಯರಿಂಗ್ ಸಾಫ್ಟ್‌ವೇರ್‌ಗಳ ಒಳಗೆ ದಶಕಗಳ ಹಿಂದೆ ಬರೆದ ಭಾಗಗಳಿವೆ. ಅವು ಫೋಲ್ಡರ್ ಹೆಸರನ್ನು ಎಲ್ಲ ಲಿಪಿಗಳಿಗೂ ಸಂಕೇತವಿರುವ ಯೂನಿಕೋಡ್‌ನಲ್ಲಿ ಓದದೆ ವಿಂಡೋಸ್‌ನ ಹಳೆಯ ಕೋಡ್‌ಪೇಜ್‌ಗೆ, ಅಂದರೆ ಕೆಲವೇ ಭಾಷೆಗಳ ಅಕ್ಷರಗಳಿರುವ ಸಂಕೇತಪಟ್ಟಿಗೆ, ಪರಿವರ್ತಿಸಿ ಓದುತ್ತವೆ. ಕನ್ನಡಕ್ಕೆ ಅಂಥ ಕೋಡ್‌ಪೇಜ್ ವಿಂಡೋಸ್‌ನಲ್ಲಿಲ್ಲ. ಹಾಗಾಗಿ ‘ಸುಮಾ’ ಎಂಬುದು ನಾಲ್ಕು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಸ್ವರಚಿಹ್ನೆಗಳೂ ಬೇರೆ ಬೇರೆ ಸಂಕೇತಗಳಲ್ಲವೇ. ವಿಂಡೋಸ್‌ನಲ್ಲಿ ಕಡತದ ಹೆಸರಿನೊಳಗೆ ಪ್ರಶ್ನಾರ್ಥಕ ಚಿಹ್ನೆ ಬರುವಂತೆಯೇ ಇಲ್ಲ! ಸಾಫ್ಟ್‌ವೇರ್ ಇಲ್ಲದ ಫೋಲ್ಡರ್ ಹುಡುಕಿ ಬೀಳುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಖಾತೆಯ ಹೆಸರು ಬದಲಿಸಿದರೆ ಸಾಲದು, ಫೋಲ್ಡರ್‌ನ ಹೆಸರು ಮೊದಲಿನದೇ ಉಳಿಯುತ್ತದೆ. 2ನೇ ಹಂತದಲ್ಲಿ ಮಾಡಿದ ಹೊಸ ಖಾತೆಯನ್ನೇ ಇಂಥ ಕೆಲಸಕ್ಕೆ ಇಟ್ಟುಕೊಳ್ಳಿ. ಕೆಲವೊಮ್ಮೆ ‘ಎನ್ವಿರಾನ್‌ಮೆಂಟ್ ವೇರಿಯಬಲ್ಸ್’ನಲ್ಲಿ (ಯಾವುದು ಎಲ್ಲಿದೆ ಎಂದು ಸಾಫ್ಟ್‌ವೇರ್‌ಗಳಿಗೆ ಹೇಳುವ ವಿಂಡೋಸ್‌ನ ಪಟ್ಟಿ) ತಾತ್ಕಾಲಿಕ ಕಡತಗಳ ಜಾಗ ಸೂಚಿಸುವ ‘ಟೆಂಪ್’ ಮತ್ತು ‘ಟಿಎಂಪಿ’ ಎರಡನ್ನೂ ಸಿ ಡ್ರೈವ್‌ನಲ್ಲಿ ನೀವೇ ಮಾಡಿದ, ಇಂಗ್ಲಿಷ್ ಹೆಸರಿನ ಫೋಲ್ಡರ್‌ಗೆ ತಿರುಗಿಸಿದರೂ ಸಾಕಾಗುತ್ತದೆ. ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಬರೆದದ್ದು ಆ ಹುಡುಗಿಯ ತಪ್ಪಲ್ಲ. ಆಕೆಗೆ ಅದನ್ನು ಮೊದಲು ಹೇಳಬೇಕಾಯಿತು.

ಹಂತ 4: ಗ್ರಾಫಿಕ್ಸ್

‘ಡಿವೈಸ್ ಮ್ಯಾನೇಜರ್’ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ನೋಡಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಷ್ಟೇ ಇದ್ದರೆ ಕಾರಣ ಸಿಕ್ಕಂತೆ: ಚಿತ್ರ ಬಿಡಿಸಲು ಸಾಫ್ಟ್‌ವೇರ್‌ಗಳು ಬಳಸುವ ಓಪನ್‌ಜಿಎಲ್ ಎಂಬ ವ್ಯವಸ್ಥೆಯ ಹಳೆಯ 1.1 ಆವೃತ್ತಿ ಮಾತ್ರ ಅದರಲ್ಲಿ ಸಿಗುವುದು, ಇವತ್ತಿನ ಮೂರು ಆಯಾಮದ ಸಾಫ್ಟ್‌ವೇರ್‌ಗೆ ಅದು ಏನೇನೂ ಸಾಲದು. ಡ್ರೈವರನ್ನು ಲ್ಯಾಪ್‌ಟಾಪ್ ಅಥವಾ ಗ್ರಾಫಿಕ್ಸ್ ಕಾರ್ಡ್ ತಯಾರಕರ ತಾಣದಿಂದಲೇ ತನ್ನಿ. ಸಾಲಿಡ್‌ವರ್ಕ್ಸ್‌ನಂಥವು ಯಾವ ಕಾರ್ಡಿಗೆ ಯಾವ ಡ್ರೈವರ್ ಎಂದು ಪಟ್ಟಿಯನ್ನೇ ಕೊಡುತ್ತವೆ. ಹೊಸದಕ್ಕಿಂತ ಪಟ್ಟಿಯಲ್ಲಿರುವುದೇ ಒಳ್ಳೆಯದು. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ನಲ್ಲಿ ‘ಸಿಸ್ಟಮ್’, ‘ಡಿಸ್‌ಪ್ಲೇ’, ‘ಗ್ರಾಫಿಕ್ಸ್’ ದಾರಿಯಲ್ಲಿ ಹೋಗಿ ಆ ಸಾಫ್ಟ್‌ವೇರ್‌ಗೆ ‘ಹೈ ಪರ್ಫಾರ್ಮೆನ್ಸ್’ ಆರಿಸಿ.

ಹಂತ 5: ಕಾಣೆಯಾದ ಡಿಎಲ್‌ಎಲ್

ಡಿಎಲ್‌ಎಲ್ ಎಂದರೆ ಸಾಫ್ಟ್‌ವೇರ್‌ಗಳು ಹಂಚಿಕೊಂಡು ಬಳಸುವ ಕೋಡ್ ಇರುವ ಕಡತ. ‘ವಿಸಿರನ್‌ಟೈಮ್140’ ಅಥವಾ ‘ಎಂಎಸ್‌ವಿಸಿಪಿ140’ ಇಲ್ಲ ಎಂಬ ಸಂದೇಶ ಬಂದರೆ ಆ ಕಡತಗಳನ್ನು ಒದಗಿಸುವ ಮೈಕ್ರೋಸಾಫ್ಟ್‌ನ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಬೇಕು. 2015ರಿಂದ 2022ರವರೆಗಿನ ಆವೃತ್ತಿಗಳಿಗೆ ಒಂದೇ ಪ್ಯಾಕೇಜ್. 64 ಬಿಟ್, 32 ಬಿಟ್ ಎರಡನ್ನೂ ಹಾಕಿ. ಯಾವುದೋ ತಾಣದಿಂದ ಒಂಟಿ ಡಿಎಲ್‌ಎಲ್ ತಂದು ಸಿಸ್ಟಮ್32 ಫೋಲ್ಡರ್‌ಗೆ ಸುರಿಯಬೇಡಿ. ವೈರಸ್ ಭಯ ಒಂದು ಕಡೆ. ಹೆಸರಿನಲ್ಲಿ 32 ಇದ್ದರೂ 64 ಬಿಟ್ ವಿಂಡೋಸ್‌ನಲ್ಲಿ ಅಲ್ಲಿರುವುದು 64 ಬಿಟ್ ಕಡತಗಳು. ತಪ್ಪು ಕಡತ ಬಿದ್ದರೆ ‘7ಬಿ’ಯಲ್ಲಿ ಕೊನೆಯಾಗುವ ದೋಷಸಂಖ್ಯೆ ಎದುರಾಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರು ‘ಪೈಥಾನ್‌ಪಾತ್’, ‘ಪೈಥಾನ್‌ಹೋಮ್’ ವೇರಿಯಬಲ್‌ಗಳನ್ನೂ ತಾತ್ಕಾಲಿಕವಾಗಿ ತೆಗೆದು ನೋಡಬೇಕು. ಒಳಗೆ ತನ್ನದೇ ಪೈಥಾನ್ ಇಟ್ಟುಕೊಂಡ ಸಾಫ್ಟ್‌ವೇರ್‌ಗಳು ಅದರಿಂದ ದಾರಿ ತಪ್ಪುತ್ತವೆ.

ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಮುರಿದ ಪ್ರತಿಯಾದರೆ ಈ ಹಂತಗಳು ಯಾವುವೂ ನಂಬಿಕೆಗೆ ಅರ್ಹವಲ್ಲ, ಅದರ ಡಿಎಲ್‌ಎಲ್‌ಗಳನ್ನೇ ಯಾರೋ ತಿದ್ದಿರುತ್ತಾರೆ, ಆಂಟಿವೈರಸ್ ಅವನ್ನು ಎತ್ತಿಹಾಕಿರುತ್ತದೆ. ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ತನ್ನ ಸಾಫ್ಟ್‌ವೇರನ್ನು ಅರ್ಹ ವಿದ್ಯಾರ್ಥಿಗಳಿಗೆ ಉಚಿತವಾಗಿಯೇ ಕೊಡುತ್ತದೆ. ಫ್ರೀಕ್ಯಾಡ್ ಎಲ್ಲರಿಗೂ ಉಚಿತ, 2024ರ ನವೆಂಬರ್‌ನಲ್ಲಿ ಅದರ 1.0 ಆವೃತ್ತಿಯೂ ಬಂದಿದೆ.

ಇಷ್ಟಾಗಿಯೂ ತೆರೆಯದಿದ್ದರೆ ತಯಾರಕರ ಸಹಾಯ ವಿಭಾಗಕ್ಕೆ ಬರೆಯಿರಿ. ‘ಓಪನ್ ಆಗ್ತಿಲ್ಲ’ ಎಂದಷ್ಟೇ ಬರೆದರೆ ಉತ್ತರ ಬರುವುದು ಕಷ್ಟ. ಸಾಫ್ಟ್‌ವೇರ್‌ನ ಪೂರ್ತಿ ಆವೃತ್ತಿ ಸಂಖ್ಯೆ, ವಿಂಡೋಸ್ ಆವೃತ್ತಿ, ಗ್ರಾಫಿಕ್ಸ್ ಕಾರ್ಡ್ ಮತ್ತು ಡ್ರೈವರ್ ಸಂಖ್ಯೆ, ಹೊಸ ಖಾತೆಯಲ್ಲಿ ತೆರೆಯಿತೋ ಇಲ್ಲವೋ, ಜೊತೆಗೆ ಮೊದಲ ಹಂತದಲ್ಲಿ ಉಳಿಸಿಟ್ಟ ಆ ನೋಟ್‌ಪ್ಯಾಡ್ ಕಡತ, ಇಷ್ಟನ್ನು ಕೊಡಿ. ಕನ್ನಡ ಹೆಸರಿನ ಫೋಲ್ಡರ್‌ನಿಂದಲೇ ಬಿದ್ದಿತೆಂದು ಗೊತ್ತಾದರೆ, ನಿಮ್ಮ ಕೆಲಸ ಸಾಗಿದ ಮೇಲೂ, ಅದನ್ನು ಬರೆದು ತಿಳಿಸಿ.